ಎದ್ದರೆ ಬೀಗ

ಲಿಫ್ಟಿನಲ್ಲಿ ಒಬ್ಬ ರೋಗಿಯ ಕಾಯಿಲೆಯ ಬಗ್ಗೆ ಬಾಯಿತಪ್ಪಿ ಆಡಿದ ಒಂದು ಮಾತು ಅವನ ಬಡ್ತಿಯನ್ನೇ ನುಂಗಿತ್ತು. ರೋಗಿಗಳ ಗುಟ್ಟು ಕಾಯುವುದು ಹೇಗೆಂದು ಆಸ್ಪತ್ರೆಯ ಸಿಬ್ಬಂದಿಗೆ ಪಾಠ ಹೇಳುವವನೇ ಅವನು. ಹಿಂದೆ ನಿಂತಿದ್ದ ಹಿರಿಯ ನರ್ಸ್ ದೂರು ಕೊಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ನುಂಗಿಕೊಳ್ಳುತ್ತಿದ್ದನೇನೋ. ತುಂಬಿದ ತರಗತಿಯಲ್ಲಿ, "ಬೇಲಿನೇ ಎದ್ದು ಹೊಲ ಮೇಯ್ದ್ರೆ ಕಾಯೋರ್ಯಾರು ಸರ್?" ಎಂದುಬಿಟ್ಟಳು. ಎಲ್ಲರೂ ನಕ್ಕರು. ಅವನಿಗೆ ಬರಬೇಕಿದ್ದ ಮೇಲ್ವಿಚಾರಕ ಹುದ್ದೆ ಅವಳಿಗೆ ಹೋಯಿತು. ಆ ನಗು ಮಾತ್ರ ಅವನ ಕಿವಿಯಿಂದ ಹೋಗಲಿಲ್ಲ.

ಅವಳಿಗೂ ಒಂದು ಗುಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಇದೇ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಚಿಕಿತ್ಸೆ ಪಡೆದಿದ್ದಳು. ಹಿಂಬಾಗಿಲಿನಿಂದ ಅವಳು ಹೊರಬರುವುದನ್ನು ಅವನು ಕಂಡಿದ್ದ. ಅವಳ ಮಗಳಿಗೂ ತಿಳಿಯದ ಆ ಸಂಗತಿ ಎಲ್ಲರ ಫೋನಿಗೆ ಬಂದರೆ, ಮತ್ತೆ ಅವಳು ತಲೆ ಎತ್ತಲಾರಳು. ಅವನಿಗೆ ಬೇಕಿದ್ದದ್ದು ಅದೇ.

ದಾರಿ ಸುಲಭವಾಗಿತ್ತು, ಏಕೆಂದರೆ ಗುಟ್ಟು ಸೋರುವ ದಾರಿಗಳನ್ನೆಲ್ಲ ಹುಡುಕಿ ಮುಚ್ಚುತ್ತಿದ್ದವನೇ ಅವನು. ಸ್ವಾಗತ ಮೇಜಿನ ಅಕ್ಕ ಕಂಪ್ಯೂಟರನ್ನು ತೆರೆದಿಟ್ಟೇ ಊಟಕ್ಕೆ ಹೋಗುತ್ತಿದ್ದಳು. ಪರದೆಗೆ ತಾನಾಗಿ ಬೀಗ ಬೀಳುವುದನ್ನೂ ರಿಪೇರಿಯವನಿಗೆ ಹೇಳಿ ತೆಗೆಸಿದ್ದಳು. ಕೇಳಿದರೆ, "ಪಾಸ್‌ವರ್ಡ್ ನೆನಪಿರಲ್ಲ ಸರ್, ವಯಸ್ಸಾಯ್ತಲ್ಲ" ಎನ್ನುತ್ತಿದ್ದಳು. 'ಎದ್ದರೆ ಬೀಗ', ಕುರ್ಚಿಯಿಂದ ಏಳುವಾಗ ಎರಡು ಕೀಲಿ ಒತ್ತಿ ಕಂಪ್ಯೂಟರಿಗೆ ಬೀಗ ಹಾಕಿ, ಎಂದು ಅವನು ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಇಡೀ ಆಸ್ಪತ್ರೆಯಲ್ಲಿ ಅದನ್ನು ಪಾಲಿಸುತ್ತಿದ್ದವನು ಅವನೊಬ್ಬನೇ. ಆ ಮೇಜಿನ ಮೇಲೆ ಕ್ಯಾಮೆರಾದ ಕಣ್ಣೂ ಇರಲಿಲ್ಲ. ರೋಗಿಗಳ ಮಾನ ಕಾಯಲೆಂದು ಅದನ್ನು ಗೋಡೆಯತ್ತ ತಿರುಗಿಸಿದ್ದೂ ಅವನೇ.

ಊಟದ ಹೊತ್ತಿನಲ್ಲಿ ಅಕ್ಕನ ಕುರ್ಚಿಯಲ್ಲಿ ಕೂತ. ಕಡತ ತೆರೆದ, ಹಳೆಯ ಫೋನಿನಲ್ಲಿ ಚಿತ್ರ ತೆಗೆದ, ಎದ್ದು ಹೋದ. ಯಾರದೋ ಹೆಸರಿನ ಸಿಮ್ಮಿನಿಂದ ಎಲ್ಲರಿಗೂ ಕಳಿಸಿ, ಫೋನನ್ನು ಮೋರಿಗೆ ಎಸೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಪ ಅಕ್ಕ, ಎಂದುಕೊಂಡ. ಆದರೂ ಅವತ್ತು ಊಟ ರುಚಿಸಿತು.

ಮರುದಿನ ನಿರ್ದೇಶಕರು ಅವನನ್ನೇ ಕರೆದರು. ವಿಚಾರಣೆಗೆ ಅವನಿಗಿಂತ ತಿಳಿದವರು ಯಾರಿದ್ದಾರೆ? ಅಕ್ಕ ಬಾಗಿಲ ಬಳಿ ಅಳುತ್ತಿದ್ದಳು. ನರ್ಸ್ ಕಿಟಕಿಯತ್ತ ಮುಖ ಮಾಡಿ ನಿಂತಿದ್ದಳು, ಒಂದೇ ರಾತ್ರಿಯಲ್ಲಿ ಮುದುಕಿಯಾದಂತೆ. ಅವನು ನಿರ್ದೇಶಕರ ಕಂಪ್ಯೂಟರಿನ ಮುಂದೆ ಕೂತು ತೋರಿಸಿದ. "ನೋಡಿ ಸರ್, ಕಡತ ತೆಗೆದಿರೋದು ಅಕ್ಕನ ಹೆಸರಲ್ಲೇ. ಬೇಜಾರಾಗುತ್ತೆ, ಆದ್ರೆ ಏನ್ಮಾಡೋದು?"

ಹೇಳಿ ಎದ್ದ. ಎದ್ದಾಗ ಅವನ ಎರಡು ಬೆರಳು ತಾವಾಗಿಯೇ ಕೀಲಿಗಳನ್ನು ಒತ್ತಿದವು. ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಖಾಲಿ ಚೌಕ ಮೂಡಿತು. ಅಕ್ಕ ಮೂಗೊರೆಸಿಕೊಂಡು ಅದನ್ನೇ ನೋಡಿದಳು. "ನಿನ್ನೇನೂ ಹಿಂಗೇ ಆಗಿತ್ತು ಸರ್," ಎಂದಳು ನಿರ್ದೇಶಕರಿಗೆ. "ಊಟ ಮುಗಿಸಿ ಬಂದ್ರೆ ನನ್ ಕಂಪ್ಯೂಟರ್ ಬೀಗ ಹಾಕ್ಕೊಂಡು ಕೂತಿತ್ತು. ರಿಪೇರಿಯವ್ನೇ ಬಂದು ತೆಗೀಬೇಕಾಯ್ತು, ಬೇಕಾದ್ರೆ ಕೇಳಿ. ನಾನು ಯಾವತ್ ಸರ್ ಬೀಗ ಹಾಕಿದೀನಿ?" ಕಿಟಕಿಯ ಬಳಿಯಿದ್ದ ನರ್ಸ್ ಮೆಲ್ಲಗೆ ಇತ್ತ ತಿರುಗಿ, ಇನ್ನೂ ಕೀಲಿಗಳ ಮೇಲೇ ಇದ್ದ ಅವನ ಬೆರಳುಗಳನ್ನು ನೋಡಿದಳು.