ಹಿಮದಲ್ಲಿ ಕಾಣೆಯಾದ ಮುತ್ತಜ್ಜ

ಸೈನ್ಯ ಸೇರಿದ ಮುತ್ತಜ್ಜ ಏನಾದನೆಂದು ನಮ್ಮ ಮನೆಯಲ್ಲಿ ಈಗ ಉಳಿದಿರುವ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾನೇ ಪಿಂಚಣಿ ಕಚೇರಿಗೆ ಹೋಗಿ ಹಳೆಯ ಕಡತ ತೆಗೆಸಿದೆ. ಮುತ್ತಜ್ಜಿಗೆ ವಿಧವಾ ಪಿಂಚಣಿ ಮಂಜೂರು ಮಾಡಿದ ಹಾಳೆಯಲ್ಲಿ ಕಾರಣ ಬರೆದಿತ್ತು: ಹಿಮದಲ್ಲಿ ಕಾಣೆಯಾಗಿದ್ದಾನೆ, ದೇಹ ಸಿಕ್ಕಿಲ್ಲ. ಹೊರಗೆ ಸುಡುಬಿಸಿಲು. ಆದರೂ ಹಾಳೆ ಹಿಡಿದ ಬೆರಳುಗಳು ಜೋಮುಗಟ್ಟಿದವು.

"ಇನ್ನೂ ಹುಡುಕ್ಬೇಕಾ?" ಎಂದರು ಗುಮಾಸ್ತರು.

"ಸಾಕು, ಸಿಕ್ಕಿದ" ಎಂದೆ.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಪಿಸುಗುಟ್ಟಿದಳು: "ಮೆಲ್ಲಗೆ ಬಾರೋ. ಯಾರೋ ಹುಡುಗ ಬಂದಿದಾನೆ, ಥೇಟ್ ನಿಮ್ಮಪ್ಪನ ಮುಖ. ನೀನೇ ಕರೆದೆಯಂತೆ. ಚಳಿ ಚಳಿ ಅಂತಿದ್ದ, ನಿನ್ನ ಕೋಣೇಲಿ ಮಲಗಿಸಿದೀನಿ."

ಕೋಣೆಯ ಚಿಲಕ ಒಳಗಿನಿಂದ ಹಾಕಿತ್ತು. ಕಿವಿಗೊಟ್ಟೆ. ಹಲ್ಲು ಕಟಕಟಿಸುವ ಸದ್ದು ಕೇಳಿಸಿತು. ನನಗೆ ಭಯವಾಗಲಿಲ್ಲ, ಏನೂ ಆಗಲಿಲ್ಲ.

ನಾನೀಗ ನಡುಮನೆಯಲ್ಲಿ ಮಲಗುತ್ತೇನೆ. ಅಮ್ಮ ದಿನವೂ ಆ ಕೋಣೆಯ ಹೊಸ್ತಿಲಲ್ಲಿ ಒಂದು ಕಂಬಳಿ ಇಡುತ್ತಾಳೆ. ಬೆಳಗ್ಗೆ ಅದು ಅಲ್ಲಿರುವುದಿಲ್ಲ.