ತಲೆದೆಸೆ ಎತ್ತರದ ಮಂಚ

ಅವನು ಮೊದಲ ಸಲ ಅವಳ ಮಣಿಕಟ್ಟು ಹಿಡಿದದ್ದು ಹೆದರಿಕೆಯಿಂದ.

ಹಲ್ಲುಗಳ ನಡುವೆ ಕ್ಯಾಮೆರಾ ಕೊಳವೆ, ಮಾತಾಡುವಂತಿಲ್ಲ. ಎಂಡೋಸ್ಕೋಪಿ ಕೋಣೆಯ ನರ್ಸ್ ಅವಳು. ಅವನ ಕಣ್ಣು ನೋಡಿದಳು, ಆಮೇಲೆ ಪರದೆ ನೋಡಿದಳು. ಅನ್ನನಾಳದ ತಿಳಿಗುಲಾಬಿ ಗೋಡೆಯ ಮೇಲೆ, ಹೊಟ್ಟೆಯ ಕಡೆಯಿಂದ ಕೆಂಪು ನಾಲಿಗೆಗಳು ಏರಿದ್ದವು.

ದೇವರು ಮನುಷ್ಯನ ಒಳಗನ್ನು ಮುಚ್ಚಿಟ್ಟು ಮುಖವನ್ನಷ್ಟೇ ಹೊರಗಿಟ್ಟ. ಅವಳಿಗೆ ಎರಡೂ ಒಟ್ಟಿಗೆ ಸಿಕ್ಕಿದವು. ಯಾರಿವನು...?

ಆಸ್ಪತ್ರೆಯೆದುರಿನ ಬಡಗಿ, ಮಂಚ ಮಾಡುವವನು. ಕೋಣೆಯ ಕುಂಟು ಸ್ಟೂಲನ್ನು ಅವಳೇ ಅವನಲ್ಲಿಗೆ ಒಯ್ದಳು. ಸರಿಹೋದ ಮೇಲೂ ಆ ಸ್ಟೂಲು ಮತ್ತೆ ಮತ್ತೆ ಕುಂಟಿತೆಂದರೆ, ಉಳಿದದ್ದನ್ನು ನೀವೇ ತಿಳಿಯಿರಿ.

ಮದುವೆಗೆ ಮನೆಯವರೂ ಒಪ್ಪಿದರು. ಅವನ ಮುಂದಿನ ತಪಾಸಣೆಯ ದಿನ ಅವಳು ಬೇಕೆಂದೇ ಬೇರೆ ಪಾಳಿ ಕೇಳಿ ಪಡೆದಳು. ತನ್ನವನಾಗುವವನ ಫಲಿತಾಂಶ ಇಣುಕುವುದು ಸಲ್ಲದೆಂದು, ಜನ್ಮದಲ್ಲಿ ಒಮ್ಮೆ ಕುತೂಹಲವನ್ನು ಕಟ್ಟಿಹಾಕಿದಳು.

ಅದೇ ತಪ್ಪಾಯಿತು. ಫಲಿತಾಂಶ ಬಂದ ಮೇಲೆ ಅವನು ಕಾರಣ ಹೇಳದೆ, ಈ ಮದುವೆ ಬೇಡವೆಂದು ಹೇಳಿಕಳಿಸಿದ.

"ಊರಿನವರ ಒಳಗೆಲ್ಲಾ ನೋಡ್ತೀಯಲ್ಲ, ಅವನ ಮನಸ್ಸೊಂದು ಕಾಣಲಿಲ್ವಾ ತಾಯಿ?" ಎಂದರು ಅಮ್ಮ.

ಮಾತು ನಾಟಿತು. ಅವಳು ನೇರ ಅಂಗಡಿಗೆ ನಡೆದಳು. ಮೂಲೆಯಲ್ಲಿ ಬಟ್ಟೆ ಹೊದಿಸಿದ್ದೇನೋ ಇತ್ತು. ಅದು ಗಿರಾಕಿಯದು, ಮುಟ್ಟಬೇಡಿ ಎಂದ ಅವನು. ಮುಟ್ಟಬೇಡ ಎಂದರೆ ಕೇಳುವ ಜೀವವೇ ಅದು? ಬಟ್ಟೆ ಎಳೆದಳು.

ಹೊಸ ಮಂಚ. ತಲೆದೆಸೆಯ ಕಾಲುಗಳು ಮಾತ್ರ ಗೇಣುದ್ದ ಎತ್ತರ. ಕೂದಲೆಳೆಯಷ್ಟೂ ಅಳತೆ ತಪ್ಪದವನ ಕೈಯಲ್ಲಿ ಇದೆಂಥ ಸೊಟ್ಟ? ಮರುಕ್ಷಣವೇ ಅವಳಿಗೆ ಹೊಳೆಯಿತು. ಹೊಟ್ಟೆಯ ಹುಳಿ ಮೇಲೇರದಂತೆ ತಲೆ ಎತ್ತರದಲ್ಲಿಟ್ಟು ಮಲಗಿರೆಂದು ಅವಳೇ ಎಷ್ಟು ಜನಕ್ಕೆ ಹೇಳಿಲ್ಲ!

"ಒಬ್ಬರಿಗೆ ಇಷ್ಟು ಅಗಲ ಯಾಕೆ?"

ಅವನು ಮರವನ್ನು ಸವರುತ್ತಾ ನಿಂತ. "ಬೇಡ ಅಂತ ಬಾಯಿ ಹೇಳಿತ್ತು... ಕೈ ಕೇಳಲಿಲ್ಲ."

ಆಮೇಲೆ ಎಲ್ಲ ಹೊರಬಂತು. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಎಂದಿದ್ದರಂತೆ ಡಾಕ್ಟರು. ಕ್ಯಾನ್ಸರ್ ಎಂಬ ಮಾತು ಬಿದ್ದ ಮೇಲೆ ಅವನ ಕಿವಿಗೆ ಬೇರೇನೂ ಇಳಿದಿರಲಿಲ್ಲ.

ಅವಳು ಮಂಚದ ಅಂಚಿಗೆ ಕುಳಿತು ಬಿಡಿಸಿ ಹೇಳಿದಳು. ವರ್ಷಗಟ್ಟಲೆ ಹುಳಿಯಲ್ಲಿ ಬೆಂದ ಅನ್ನನಾಳ, ಉಳಿಯಲೆಂದು ಕರುಳಿನಂಥ ಒಳಪದರ ತೊಟ್ಟುಕೊಂಡಿದೆ. ಅದರಲ್ಲಿ ಕೆಲವು ಜೀವಕೋಶಗಳು ಈಗ ದಾರಿ ತಪ್ಪತೊಡಗಿವೆ. ಇದಿನ್ನೂ ಕ್ಯಾನ್ಸರ್ ಅಲ್ಲ, ಹೆಚ್ಚಿನವರಿಗೆ ಆಗುವುದೂ ಇಲ್ಲ. ಮಾತ್ರೆ ಬಿಡಬಾರದು, ಆಗಾಗ ಒಳಗಿಳಿದು ನೋಡಬೇಕು, ಬೇಕಾದರೆ ಆ ಪದರವನ್ನೇ ಸುಟ್ಟು ತೆಗೆಯುತ್ತಾರೆ.

"ಹಾಗೂ ಆಗಿಬಿಟ್ರೆ?"

ಆಗುವುದಿಲ್ಲವೆಂದು ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಆದ್ರೆ ಇಬ್ರೂ ನೋಡ್ಕೊಳ್ಳೋಣ. ಇನ್ಮೇಲೆ ನಿಮ್ಮ ಫಲಿತಾಂಶ ನಾನೂ ನೋಡಬಹುದಾ?"

ಅವನು ತಲೆಯಾಡಿಸಿದ. ಕಣ್ಣು ತುಂಬಿತ್ತು.

"ಇಳಿಜಾರು ಮಂಚ ಇದು. ನಿದ್ದೆಯಲ್ಲಿ ಜಾರ್ತೀರಿ" ಎಂದ ಅವನು.

"ಹಿಡ್ಕೊಳ್ಳೋದು ನಿಮಗೆ ಗೊತ್ತಲ್ಲ. ಮೊದಲ ದಿನದ ಗುರುತು ಇನ್ನೂ ಇದೆ." ಅವಳು ಮಣಿಕಟ್ಟು ಚಾಚಿದಳು.

ಅವನು ಅದನ್ನು ಮೆಲ್ಲನೆ ಹಿಡಿದು ಬೆಳಕಿಗೆ ತಿರುಗಿಸಿದ. "ಎಲ್ಲಿ? ಏನೂ ಕಾಣ್ತಿಲ್ವಲ್ಲ."

"ಹತ್ತಿರ ಬಂದು ನೋಡಿ" ಎಂದಳು ಅವಳು.