ಕಲ್ಲಾದವರ ಮತ

ಬಹಳ ಬಹಳ ಹಿಂದೆ, ಏಳು ಕಣಿವೆಗಳನ್ನು ಕೂಡಿಸಿ ಕಟ್ಟಿದ ಹೇಮಗಿರಿ ಎಂಬ ನಾಡಿತ್ತು. ಆ ನಾಡಿಗೆ ಮೊದಲು ರಾಜರಿದ್ದರು. ಕೊನೆಯ ರಾಜ ಮಕ್ಕಳಿಲ್ಲದೆ ತೀರಿಕೊಂಡಾಗ ಜನರೆಲ್ಲ ಸೇರಿ, ಇನ್ನು ಸಿಂಹಾಸನದ ಮೇಲೆ ಯಾರೂ ಕೂರುವುದು ಬೇಡ ಎಂದು ತೀರ್ಮಾನಿಸಿದರು. ಕರಿಯ ಬಂಡೆಯೊಂದರ ಮೇಲೆ ನಾಡಶಾಸನ ಕೊರೆಸಿದರು. ಊರೂರಿನ ಜನ ಆರಿಸಿ ಕಳಿಸಿದವರದು ಜನಸಭೆ. ಕಣಿವೆಗಳ ಪರವಾಗಿ ಬಂದವರದು ಕಣಿವೆಸಭೆ. ಎರಡೂ ಸಭೆ ಒಪ್ಪಿದರೆ ಕಾನೂನು. ಜನಸಭೆಯಲ್ಲಿ ಹೆಚ್ಚು ಮಂದಿ ಯಾರನ್ನು ನಂಬುತ್ತಾರೋ ಅವನೇ ಪ್ರಧಾನಿ. ಅವನೂ ಅವನ ಮಂತ್ರಿಗಳೂ ನಾಡು ನಡೆಸಬೇಕು, ಸಭೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಶಾಸನಕ್ಕೆ ಅರ್ಥ ಹೇಳಲು ಗುಡ್ಡದ ಮೇಲೆ ಐವರು ನ್ಯಾಯಮೂರ್ತಿಗಳು. ಇವರೆಲ್ಲರಿಗಿಂತ ಎತ್ತರದ ಪೀಠದಲ್ಲಿ, ಆದರೆ ಯಾರನ್ನೂ ಆಳದೆ, ನಾಡಿನ ಮುದ್ರೆ ಕಾಯುವವರು ನಾಡಹಿರಿಯರು.

ಆ ಕಾಲಕ್ಕೆ ನಾಡಹಿರಿಯಳಾಗಿದ್ದವಳು ಬೊಮ್ಮಕ್ಕ. ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ಸಭೆಯಲ್ಲಿ ಕೂತಿದ್ದವರಲ್ಲಿ ಎಷ್ಟೋ ಮಂದಿ ಅವಳ ಕೈಯಲ್ಲೇ ಹುಟ್ಟಿದವರು. ಅವಳ ಒಬ್ಬಳೇ ಮಗಳು ಸಿರಿಯವ್ವ ಜನಸಭೆಯ ಸದಸ್ಯೆ.

ಪ್ರಧಾನಿಯಾಗಿದ್ದವನು ವಿರೋಚನ. ಮಾತು ಜೇನು, ಮೈಕಟ್ಟು ಚೆಲುವು. ಅವನು ಮಾಂತ್ರಿಕನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಒಂದು ದಿನ ಅವನು ಮೂಡಣ ಬೆಟ್ಟಗಳ ಆಚೆ ಹೊಗೆ ಎಬ್ಬಿಸಿದ. "ಅದು ಶತ್ರುಗಳ ದಂಡಿನ ಒಲೆಯ ಹೊಗೆ" ಎಂದು ಸಭೆಗೆ ಹೇಳಿದ. ಸಭಾಭವನದ ಕಂಬಗಳಲ್ಲಿ ರಾಜರ ಕಾಲದ ಯಾಳಿಗಳಿದ್ದವು: ಸಿಂಹದ ಮೈ, ಆನೆಯ ಸೊಂಡಿಲು. ಅವನ್ನು ಹಳೆಯ ಮಂತ್ರದಿಂದ ಎಬ್ಬಿಸಿ ಕಾವಲಿಗೆ ನಿಲ್ಲಿಸಬೇಕು, ಅವು ಪ್ರಧಾನಿಯ ಮಾತು ಮಾತ್ರ ಕೇಳಬೇಕು ಎಂದು ಕಾನೂನು ತಂದ. ಹೆದರಿದ ಎರಡೂ ಸಭೆಗಳು ಒಪ್ಪಿದವು. ಓಲೆ ಮುದ್ರೆಗಾಗಿ ಬೊಮ್ಮಕ್ಕನ ಬಳಿ ಬಂತು.

ಬೊಮ್ಮಕ್ಕ ಅದನ್ನು ಎರಡು ಸಲ ಓದಿದಳು. "ಇನ್ನೊಮ್ಮೆ ಯೋಚಿಸಿ" ಎಂದು ಬರೆದು ಹಿಂದಕ್ಕೆ ಕಳಿಸಿದಳು. ಶಾಸನ ಅವಳಿಗೆ ಕೊಟ್ಟಿದ್ದ ಹಕ್ಕು ಅಷ್ಟೇ. ಮೂರು ದಿನದಲ್ಲಿ ಓಲೆ ಅಕ್ಷರವೂ ಬದಲಾಗದೆ ತಿರುಗಿ ಬಂತು.

ಸಿರಿಯವ್ವ ಓಡಿ ಬಂದಳು. "ಅವ್ವಾ, ಮುದ್ರೆ ಒತ್ತಬೇಡ. ಆ ಮನುಷ್ಯನ ಕಣ್ಣಲ್ಲಿ ಏನೋ ಇದೆ."

"ನನಗೂ ಕಾಣಿಸ್ತಿದೆ ಮಗಳೇ. ಆದರೆ ಎರಡನೇ ಸಲ ಬಂದದ್ದಕ್ಕೆ ಒತ್ತಲೇಬೇಕು. ನನಗೆ ಬೇಡ ಅನ್ನಿಸಿದ್ದನ್ನೆಲ್ಲ ತಡೀತಾ ಕೂತರೆ ನಾನೇ ರಾಣಿ ಆದ ಹಾಗಾಯ್ತು. ತಪ್ಪು ಅನ್ನಿಸಿದರೆ ಸಭೇಲಿ ಎದ್ದು ಹೇಳು. ಹೇಳೋ ಜಾಗ ಅದೇ."

ಬೊಮ್ಮಕ್ಕ ಮುದ್ರೆ ಒತ್ತಿದಳು.

ಯಾಳಿಗಳು ಕಂಬ ಬಿಟ್ಟಿಳಿದು ಬಾಗಿಲುಗಳಲ್ಲಿ ನಿಂತವು. ಮರುದಿನ ಸಿರಿಯವ್ವ ಸಭೆಯಲ್ಲಿ ಎದ್ದು, "ಈ ಕಾನೂನು ತಪ್ಪು, ಮೂಡಣದಲ್ಲಿ ದಂಡೇ ಇಲ್ಲ" ಎಂದಳು. ಯಾಳಿಯೊಂದು ಅವಳತ್ತ ಉಸಿರು ಬಿಟ್ಟಿತು. ಸಿರಿಯವ್ವ ನಿಂತಲ್ಲೇ ಕಲ್ಲಾದಳು. ಅಂದಿನಿಂದ ಎದುರು ಮಾತಾಡಿದವರೆಲ್ಲ ಒಬ್ಬೊಬ್ಬರಾಗಿ ಕಲ್ಲಾದರು. ಮೂರು ತಿಂಗಳಲ್ಲಿ ಜನಸಭೆಯ ಇನ್ನೂರ ಹನ್ನೊಂದು ಸದಸ್ಯರಲ್ಲಿ ನೂರ ಹನ್ನೆರಡು ಮಂದಿ ಕಲ್ಲು. ಉಳಿದ ತೊಂಬತ್ತೊಂಬತ್ತು ಮಂದಿ ತಲೆ ತಗ್ಗಿಸಿ ಕೈ ಎತ್ತುತ್ತಿದ್ದರು.

ಮಗಳ ಸುದ್ದಿ ಕೇಳಿದ ದಿನ ಬೊಮ್ಮಕ್ಕ ಊಟ ಮಾಡಲಿಲ್ಲ. ಮುದ್ರೆ ಒತ್ತಿದ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

ಆಮೇಲೆ ವಿರೋಚನ ಇನ್ನೊಂದು ಓಲೆ ತಂದ. "ಹಿರಿಯಮ್ಮನವರೇ, ಕಲ್ಲಿನ ಸಭೆಯಿಂದ ಏನು ಪ್ರಯೋಜನ? ಜನಸಭೆಯನ್ನು ವಿಸರ್ಜಿಸಿ. ಶತ್ರುಭಯ ತೀರುವವರೆಗೆ ಚುನಾವಣೆಯೂ ಬೇಡ. ಪ್ರಧಾನಿಯ ಸಲಹೆಯಂತೆ ನಡೆಯುವುದು ತಮ್ಮ ಧರ್ಮ."

"ಹೌದು, ಅದು ನನ್ನ ಧರ್ಮ" ಎಂದಳು ಬೊಮ್ಮಕ್ಕ. "ಸಭೆ ನಂಬಿದ ಪ್ರಧಾನಿಯ ಸಲಹೆ ಅಂತಿದೆ ಶಾಸನದಲ್ಲಿ. ಸಭೆ ತಮ್ಮನ್ನು ನಂಬಿದೆಯೇ?"

"ತೊಂಬತ್ತೊಂಬತ್ತು ಮಂದಿ ಮಾತಾಡಬಲ್ಲವರು. ಅವರೆಲ್ಲ ನನ್ನವರು."

"ಕಲ್ಲಾದವರು ಲೆಕ್ಕಕ್ಕಿಲ್ಲವೇ? ನ್ಯಾಯಮೂರ್ತಿಗಳನ್ನು ಕೇಳಿ ಬರುತ್ತೇನೆ."

ವಿರೋಚನ ನಕ್ಕು ದಾರಿ ಬಿಟ್ಟ. ಆದರೆ ಅವಳು ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಹೊಗೆ ಕವಿಯಿತು. ಒಂದು ದಾರಿ ನೂರು ದಾರಿಯಾಯಿತು. ಬೊಮ್ಮಕ್ಕ ಕಣ್ಣು ಮುಚ್ಚಿದಳು. ಮಂಡಿಯೂರಿ ಕೈಯಿಂದ ಮೆಟ್ಟಿಲು ತಡವಿದಳು. ಜನ ಹತ್ತಿ ಹತ್ತಿ ಸವೆದ ಕಲ್ಲು ಯಾವುದು, ಮಾಯೆಯ ಕಲ್ಲು ಯಾವುದು ಎಂದು ಅಂಗೈಗೆ ತಿಳಿಯಿತು. ಸವೆದ ಮೆಟ್ಟಿಲನ್ನೇ ಹಿಡಿದು, ಮಂಡಿ ತರಚಿಕೊಂಡು, ಮಧ್ಯಾಹ್ನದ ಹೊತ್ತಿಗೆ ಮೇಲೆ ಮುಟ್ಟಿದಳು.

ಐವರಲ್ಲಿ ಹಿರಿಯರಾದ ಗುಣಸಾಗರರು ಶಾಸನವನ್ನು ಮೊದಲಿಂದ ಕೊನೆಯವರೆಗೆ ಓದಿಸಿದರು. ಐವರೂ ಕೂಡಿ ಮಾತಾಡಿ ಹೇಳಿದರು: "ಸತ್ತವರ ಜಾಗ, ಬಿಟ್ಟುಹೋದವರ ಜಾಗ ಖಾಲಿ. ಕಲ್ಲಾದವರ ಜಾಗ ಖಾಲಿ ಎಂದು ಎಲ್ಲೂ ಬರೆದಿಲ್ಲ. ಅವರು ಇಂದಿಗೂ ಸದಸ್ಯರೇ. ಬಹುಮತ ತೋರಿಸದವನ ಸಲಹೆಯ ಮೇಲೆ ಸಭೆಯನ್ನು ವಿಸರ್ಜಿಸುವಂತಿಲ್ಲ. ಸಭೆ ಕರೆಸಮ್ಮ. ಪ್ರತಿ ಸದಸ್ಯರನ್ನೂ ಹೆಸರು ಹಿಡಿದು ಕೇಳಬೇಕು."

"ಕಲ್ಲು ಮಾತಾಡುತ್ತದೆಯೇ ಸ್ವಾಮಿ?"

"ಮಾಯೆಯ ವಿಚಾರ ನಮಗೆ ತಿಳಿಯದು. ಓದಲು ಬರುತ್ತದೆ, ಓದಿದ್ದೇವೆ."

ಇಳಿಯುವ ದಾರಿಯಲ್ಲಿ, ಸಂಜೆ ಬಿಸಿಲಲ್ಲಿ, ದೊಡ್ಡ ಯಾಳಿ ಅಡ್ಡ ನಿಂತಿತ್ತು. ಅದು ಉಸಿರು ಬಿಡಲಿಲ್ಲ, ಮಂಡಿಯೂರಿತು.

"ಬೊಮ್ಮಕ್ಕ, ನಾವು ರಾಜರಿಗೆಂದು ಕಡೆದವರು. ಪ್ರಧಾನಿ ಇಂದಿರುತ್ತಾನೆ, ನಾಳೆ ಹೋಗುತ್ತಾನೆ. ಹಳೆಯ ಸಿಂಹಾಸನ ಇನ್ನೂ ಅಲ್ಲೇ ಇದೆ. ಮುದ್ರೆ ಹಿಡಿದು ಅದರ ಮೇಲೆ ಕೂರು. ನಿನ್ನ ಒಂದು ಮಾತಿಗೆ ವಿರೋಚನನನ್ನು ಸೀಳುತ್ತೇನೆ. ನಿನ್ನ ಮಗಳನ್ನು ಈ ಸಂಜೆಯೇ ಎಬ್ಬಿಸುತ್ತೇನೆ."

ಬೊಮ್ಮಕ್ಕ ದಾರಿಬದಿಯ ಕಲ್ಲಿನ ಮೇಲೆ ಕೂತಳು. ಮಗಳ ಮುಖ ಕಣ್ಣ ಮುಂದೆ ಬಂತು. ಕೆಂಪು ಬಿಸಿಲು ಹೋಗಿ ಬೂದು ಬೆಳಕಾಯಿತು.

"ನಾಳೆ ನನ್ನ ಮಾತಿಗೆ ಯಾರಾದರೂ ಎದುರು ಹೇಳಿದರೆ ಏನು ಮಾಡ್ತೀಯ?" ಎಂದು ಕೊನೆಗೆ ಕೇಳಿದಳು.

"ಉಸಿರು ಬಿಡುತ್ತೇನೆ" ಎಂದಿತು ಯಾಳಿ.

"ಮೊದಲು ಎದುರು ಹೇಳೋಳು ನನ್ನ ಮಗಳೇ" ಎಂದು ಬೊಮ್ಮಕ್ಕ ಎದ್ದಳು. "ದಾರಿ ಬಿಡು." ಮುದ್ರೆ ಹಿಡಿದವರ ಮೇಲೆ ಯಾಳಿಯ ಉಸಿರು ನಡೆಯುವುದಿಲ್ಲ. ಅದು ದಾರಿ ಬಿಟ್ಟಿತು.

ಮರುದಿನ ಬೆಳಿಗ್ಗೆ ಅವಳ ಆಜ್ಞೆಯಂತೆ ಜನಸಭೆ ಸೇರಿತು. ಮತ ಕೇಳುವಾಗ ನಾಡಹಿರಿಯರು ಒಳಗಿರುವಂತಿಲ್ಲ. ಬೊಮ್ಮಕ್ಕ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತಳು. ನಲವತ್ತು ವರ್ಷ ಅವಳು ಹೆರಿಗೆ ಕೋಣೆಯ ಒಳಗಿದ್ದವಳು; ಹೊರಗೆ ಕೂತು ಕಾಯುವವರ ಸಂಕಟ ಅವಳಿಗೆ ಅಂದು ತಿಳಿಯಿತು.

ಒಳಗೆ ಸಭಾಪತಿ ಮಲ್ಲರಸರ ಮುದಿದನಿ ಕೇಳಿಸಿತು. "ಕೆಳಗಣ ಕಣಿವೆಯ ದೇಮಣ್ಣನವರೇ, ಈ ಪ್ರಧಾನಿಯ ಮೇಲೆ ನಿಮಗೆ ನಂಬಿಕೆ ಇದೆಯೇ, ಇಲ್ಲವೇ?"

ದೇಮಣ್ಣ ಕಲ್ಲಾದವನು. ಉತ್ತರವಿಲ್ಲ.

"ಮುಂದಿನ ಹೆಸರು ಕರೆಯಿರಿ" ಎಂದ ವಿರೋಚನ.

"ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಎಷ್ಟು ಹೊತ್ತು ಎಂದು ಶಾಸನದಲ್ಲಿಲ್ಲ. ಕಾಯುತ್ತೇನೆ."

ಮಲ್ಲರಸರು ಕಾದರು. ಬಿಸಿಲು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬೊಮ್ಮಕ್ಕನ ಪಾದ ಮುಟ್ಟಿತು. ಅಂಗಳದಲ್ಲಿ ಜನ ಸೇರಿದರು. ಆ ಮೂರು ತಿಂಗಳಲ್ಲಿ ಕಲ್ಲಾದವರ ಹೆಸರನ್ನು ಸಭೆಯಲ್ಲಿ ಯಾರೂ ಕರೆದಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಅಂದು ಕೇಳಿದರು. ಆ ಕೇಳಿಕೆ ಕಲ್ಲಿನೊಳಗೆ ಇಳಿಯಲು ಅಷ್ಟು ಹೊತ್ತು ಬೇಕಾಯಿತು.

ನಡುಮಧ್ಯಾಹ್ನ ಒಳಗೆ ಏನೋ ಬಿರುಕು ಬಿಟ್ಟ ಸದ್ದಾಯಿತು. ಆಮೇಲೆ ಒಣಗಿದ ಗಂಟಲಿನ ಒಂದು ಮಾತು: "ಇಲ್ಲ."

ಯಾಳಿಗಳು ಉಸಿರು ಬಿಟ್ಟವು. ಆದರೆ ಒಮ್ಮೆ ಕಲ್ಲಾಗಿ ಎದ್ದವರನ್ನು ಮತ್ತೆ ಕಲ್ಲು ಮಾಡಲು ಅವಕ್ಕೆ ಬಾರದು. ಮಲ್ಲರಸರು ಎರಡನೇ ಹೆಸರು ಕರೆದರು, ಮೂರನೆಯದು ಕರೆದರು. ಒಂದೊಂದು ಕರೆಗೂ ಒಂದೊಂದು ಕಲ್ಲು ಒಡೆಯಿತು. ಕಲ್ಲಾಗದೆ ಉಳಿದವರಲ್ಲೂ ಹನ್ನೆರಡು ಮಂದಿ, ಯಾಳಿಯ ಉಸಿರು ತಾಗದಂತೆ ಎದ್ದವರ ಮರೆಯಲ್ಲಿ ನಿಂತು, ತಲೆ ಎತ್ತಿ "ಇಲ್ಲ" ಎಂದರು.

"ಮೇಲಣ ಕಣಿವೆಯ ಸಿರಿಯವ್ವನವರೇ..."

ಬೊಮ್ಮಕ್ಕ ಬಾಗಿಲತ್ತ ತಿರುಗಿದಳು.

"ಇಲ್ಲ" ಎಂದಿತು ಮಗಳ ದನಿ. "ಅವತ್ತೂ ಹೇಳಿದ್ದೆ."

ಬೊಮ್ಮಕ್ಕ ಮೆಟ್ಟಿಲ ಮೇಲೆಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಸೂರ್ಯ ಮುಳುಗುವ ಮುನ್ನ ಎಣಿಕೆ ಮುಗಿಯಿತು. ನಂಬಿಕೆ ಉಂಟು ಎಂದವರು ಎಂಬತ್ತೇಳು. ಇಲ್ಲ ಎಂದವರು ನೂರ ಇಪ್ಪತ್ತನಾಲ್ಕು. ವಿರೋಚನ ಯಾಳಿಗಳತ್ತ ತನ್ನ ಮಂತ್ರದಂಡ ಬೀಸಿ ಕೂಗಿದ. ಅವು ಪ್ರಧಾನಿಯ ಮಾತು ಮಾತ್ರ ಕೇಳುವಂಥವು. ಅವನು ಆಗ ಪ್ರಧಾನಿಯಲ್ಲ. ಅವು ತಿರುಗಿ ಕಂಬಗಳಿಗೆ ಹತ್ತಿ ಕಲ್ಲಾದವು. ಮೂಡಣ ಬೆಟ್ಟಗಳ ಹೊಗೆ ಚದುರಿತು. ಅಲ್ಲಿ ದಂಡಿರಲಿಲ್ಲ, ಹುಲ್ಲುಗಾವಲಿತ್ತು.

ವಿರೋಚನನನ್ನು ಯಾರೂ ಹೊಡೆಯಲಿಲ್ಲ. ಐವರು ನ್ಯಾಯಮೂರ್ತಿಗಳು ಅವನ ಮಾತನ್ನೂ ಕೇಳಿ, ಅವನ ಮಂತ್ರದಂಡ ಮುರಿಸಿ, ಆ ಹುಲ್ಲುಗಾವಲಿನಲ್ಲಿ ಹತ್ತು ವರ್ಷ ಕುರಿ ಕಾಯುವ ಶಿಕ್ಷೆ ಕೊಟ್ಟರು. ಅವನ ಮತದ ಹಕ್ಕನ್ನು ಮಾತ್ರ ಕಿತ್ತುಕೊಳ್ಳಲಿಲ್ಲ.

ಸಭೆ ದೇಮಣ್ಣನನ್ನು ಪ್ರಧಾನಿಯಾಗಿ ಒಪ್ಪಿತು. ಯಾಳಿಯ ಕಾನೂನನ್ನು ಎರಡೂ ಸಭೆಗಳು ತೆಗೆದುಹಾಕಿದವು. ಬೊಮ್ಮಕ್ಕ ಮುದ್ರೆ ಒತ್ತಿದಳು. ಮರುವಾರವೇ ಸಿರಿಯವ್ವ ಎದ್ದು ಹೊಸ ಪ್ರಧಾನಿಯ ತಪ್ಪೊಂದನ್ನು ಎತ್ತಿ ಆಡಿದಳು. ದೇಮಣ್ಣ ಕೆಂಪಾದ, ಕೆಮ್ಮಿದ, ಉತ್ತರ ಹೇಳಿದ. ಹೀಗೆ ಹಗಲೆಲ್ಲ ಸಭೆಯಲ್ಲಿ ವಾದ ಮಾಡಿ, ಸಂಜೆ ಒಂದೇ ಹೊಳೆಯ ನೀರು ಕುಡಿದು, ಹೇಮಗಿರಿಯ ಜನ ಬಹುಕಾಲ ಸುಖವಾಗಿ ಬಾಳಿದರು.